ಬಾವಲಿಯ ಬೆನ್ನು ಹತ್ತಿದವರು

ಬೆಳಗಾವಿ ಜಿಲ್ಲೆಯ ಧುಪದಾಳದಲ್ಲಿ ಹೊತ್ತು ಮುಳುಗುವಾಗ ಆಕಾಶದ ಪಾಳಿ ಬದಲಾಗುತ್ತದೆ. ಹಗಲಿಡೀ ಘಟಪ್ರಭೆಯ ಹಿನ್ನೀರಿನಲ್ಲಿ ಮೇಯ್ದ ಬೆಳ್ಳಕ್ಕಿಗಳು ಗಿಡ ಸೇರುತ್ತಿದ್ದಂತೆ ನೀರಿನ ಮೇಲೆ ಸಣ್ಣ ಬಾವಲಿಗಳ ಹಾರಾಟ ಶುರುವಾಗುತ್ತದೆ. ಅವು ನೇರವಾಗಿ ಹಾರುವುದಿಲ್ಲ. ಗಕ್ಕನೆ ತಿರುಗುತ್ತವೆ, ಬಿದ್ದೇಬಿಟ್ಟವು ಅನ್ನುವಂತೆ ಇಳಿಯುತ್ತವೆ, ಮತ್ತೆ ಏರುತ್ತವೆ. ಅಂಥ ಒಂದೊಂದು ತಿರುವಿನ ಹಿಂದೆಯೂ ಒಂದು ಹುಳದ ಬೇಟೆಯಿದೆ. ಹಣ್ಣು ತಿನ್ನುವ ದೊಡ್ಡ ತೊಗಲಬಾವಲಿಗಳು ಇನ್ನಷ್ಟು ಕತ್ತಲಾದ ಮೇಲೆ ಆಲ, ಅತ್ತಿ, ಮಾವಿನ ಮರ ಹುಡುಕಿಕೊಂಡು ಹೊರಡುತ್ತವೆ. ಈ ಹಿನ್ನೀರಿನ ಪ್ರದೇಶ 1974ರಿಂದ ಪಕ್ಷಿಧಾಮ. ಹಕ್ಕಿ ನೋಡಲು ದೂರದೂರಿನಿಂದ ಜನ ಬರುತ್ತಾರೆ. ಬಾವಲಿಯನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. 2020ರ ಬೇಸಿಗೆಯಲ್ಲಿ, ಲಾಕ್‌ಡೌನ್ ಆಗಿ ಊರಿಗೆ ಊರೇ ಮನೆ ಅಂಗಳದಲ್ಲಿ ಕುಳಿತಿದ್ದಾಗ, ನಾಡಿನ ಎಲ್ಲ ಕಡೆಯಂತೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲೂ ಜನ ಇವುಗಳನ್ನು ಭಯದಿಂದ ನೋಡತೊಡಗಿದರು. ಕೊರೊನಾ ಇವುಗಳಿಂದಲೇ ಬಂತಂತೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು.

ಆ ಮಾತಿನಲ್ಲಿ ಎಷ್ಟು ನಿಜವಿದೆ? ಬಾವಲಿಯಲ್ಲಿ ಕೊರೊನಾ ವೈರಸ್ ಇದೆಯೆಂದು ಮೊದಲು ಕಂಡವರು ಯಾರು, ಹೇಗೆ ಕಂಡರು? ಇದು ಹಲವು ದೇಶಗಳ ಜನ, ಹಲವು ಸಲ ತಪ್ಪು ಜಾಗದಲ್ಲಿ ಹುಡುಕಿ, ಕೊನೆಗೆ ಸರಿಯಾದ ಜಾಗಕ್ಕೆ ಬಂದು ಮುಟ್ಟಿದ ಕತೆ. ಕರ್ನಾಟಕದ ಕಾಡು, ಗುಹೆಗಳ ಹೆಸರೂ ಇದರಲ್ಲಿ ಬರುತ್ತದೆ.

ವಿಜ್ಞಾನಕ್ಕೆ ಕೊರೊನಾ ವೈರಸ್ಸಿನ ಪರಿಚಯವಾದದ್ದು ಬಾವಲಿಯಿಂದಲ್ಲ, ಕೋಳಿಮರಿಯಿಂದ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮರಿಗಳು ಉಬ್ಬಸ ಬಂದು ಸಾಯುತ್ತಿದ್ದ ಬೇನೆಗೆ ಒಂದು ವೈರಸ್ ಕಾರಣವೆಂದು ತಿಳಿಯಿತು. ಮನುಷ್ಯರ ಸರದಿ ಬಂದದ್ದು 1960ರ ದಶಕದಲ್ಲಿ. ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ ಡೇವಿಡ್ ಟಿರೆಲ್ ಎಂಬವರು ನೆಗಡಿಯ ಕಾರಣವನ್ನೇ ಹುಡುಕುವ ಕೇಂದ್ರವೊಂದನ್ನು ನಡೆಸುತ್ತಿದ್ದರು. ಶಾಲಾ ಹುಡುಗನೊಬ್ಬನ ಮೂಗಿನಿಂದ ತೆಗೆದ ಮಾದರಿಯೊಂದು ಅವರನ್ನು ಕಾಡುತ್ತಿತ್ತು. ಅದನ್ನು ಆರೋಗ್ಯವಂತರ ಮೂಗಿಗೆ ಹಾಕಿದರೆ ನೆಗಡಿ ಬರುತ್ತಿತ್ತು, ಆದರೆ ಪ್ರಯೋಗಾಲಯದ ಮಾಮೂಲು ಜೀವಕೋಶಗಳಲ್ಲಿ ಅದು ಬೆಳೆಯುತ್ತಿರಲಿಲ್ಲ. ಕೊನೆಗೆ ಶ್ವಾಸನಾಳದ ತುಣುಕುಗಳಲ್ಲಿ ಬೆಳೆಸಿ ಅದನ್ನು ಲಂಡನ್ನಿನಲ್ಲಿದ್ದ ಜೂನ್ ಅಲ್ಮೈಡಾ ಅವರಿಗೆ ಕಳಿಸಿದರು.

ಅಲ್ಮೈಡಾ ಗ್ಲಾಸ್ಗೋದ ಬಸ್ ಚಾಲಕನ ಮಗಳು. ಹದಿನಾರಕ್ಕೇ ಶಾಲೆ ಬಿಟ್ಟು ಆಸ್ಪತ್ರೆಯ ಲ್ಯಾಬಿನಲ್ಲಿ ಸಹಾಯಕಿಯಾಗಿ ಸೇರಿದವರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ಸನ್ನು ಗುರುತಿಸುವುದರಲ್ಲಿ ಅವರದು ಪಳಗಿದ ಕಣ್ಣು. ಟಿರೆಲ್ ಕಳಿಸಿದ ಮಾದರಿಯಲ್ಲಿ ಅವರಿಗೆ ಸುತ್ತಲೂ ಮುಳ್ಳುಗಳಿರುವ ದುಂಡನೆಯ ಕಣಗಳು ಕಂಡವು. ಅಂಥವನ್ನೇ ಅವರು ಹಿಂದೆ ಕೋಳಿಯ ಬೇನೆಯಲ್ಲೂ ಕಂಡಿದ್ದರು. ಆಗ ಬರೆದ ಪ್ರಬಂಧವನ್ನು, ಇವು ಇನ್‌ಫ್ಲುಯೆಂಜಾ ವೈರಸ್ಸಿನ ಕೆಟ್ಟ ಚಿತ್ರಗಳು ಎಂದು ಪರೀಕ್ಷಕರು ತಳ್ಳಿಹಾಕಿದ್ದರು. ಈ ಸಲ ತಳ್ಳಿಹಾಕುವಂತಿರಲಿಲ್ಲ. 1968ರಲ್ಲಿ, ಸೂರ್ಯನ ಸುತ್ತಲಿನ ಪ್ರಭಾವಳಿಯಂತೆ ಕಾಣುವ ಈ ಗುಂಪಿಗೆ ಕೊರೊನಾ ವೈರಸ್ ಎಂಬ ಹೆಸರು ಬಿತ್ತು. ಅಲ್ಲಿಂದ ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಮನುಷ್ಯರ ಮಟ್ಟಿಗೆ ಇದು ನೆಗಡಿ ತರುವ ವೈರಸ್ ಅಷ್ಟೇ ಎಂದು ವೈದ್ಯಲೋಕ ಸುಮ್ಮನಿತ್ತು.

ಆ ನೆಮ್ಮದಿ ಕೆಟ್ಟದ್ದು 2003ರಲ್ಲಿ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ 2002ರ ನವೆಂಬರಿನಿಂದಲೇ ವಿಚಿತ್ರ ನ್ಯುಮೋನಿಯಾ ಹರಡುತ್ತಿತ್ತು. ಅಂಥ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರೊಬ್ಬರು ಫೆಬ್ರವರಿಯಲ್ಲಿ ಹಾಂಗ್‌ಕಾಂಗ್‌ಗೆ ಬಂದು ಮೆಟ್ರೊಪೋಲ್ ಹೋಟೆಲಿನ ಒಂಬತ್ತನೇ ಮಹಡಿಯಲ್ಲಿ ತಂಗಿದರು. ಅದೇ ಹೋಟೆಲಿನಲ್ಲಿ ತಂಗಿದ್ದವರು ಸೋಂಕು ಹೊತ್ತು ವಿಯೆಟ್ನಾಂ, ಸಿಂಗಪುರ, ಕೆನಡಾಗಳಿಗೆ ವಿಮಾನ ಹತ್ತಿದರು. ಹನೋಯ್‌ನಲ್ಲಿ ರೋಗವನ್ನು ಗುರುತಿಸಿ ಜಗತ್ತನ್ನು ಎಚ್ಚರಿಸಿದ ವೈದ್ಯ ಕಾರ್ಲೊ ಅರ್ಬಾನಿ ತಾವೇ ಅದಕ್ಕೆ ಬಲಿಯಾದರು. ಸಾರ್ಸ್ ಎಂದು ಹೆಸರಾದ ಈ ಬೇನೆ ನಿಲ್ಲುವಷ್ಟರಲ್ಲಿ 8,096 ಜನರಿಗೆ ತಗುಲಿ 774 ಜನರನ್ನು ಕೊಂದಿತ್ತು. ಕಾರಣವಾದ ವೈರಸ್ಸನ್ನು ಅದೇ ಮಾರ್ಚಿನಲ್ಲಿ ಬೆಳೆಸಿ ಗುರುತಿಸಿದವರಲ್ಲಿ ಮೊದಲಿಗರು ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಮಲಿಕ್ ಪೀರಿಸ್ ಮತ್ತು ಅವರ ತಂಡ. ಪೀರಿಸ್ ಶ್ರೀಲಂಕಾದವರು. ಅದು ಕೊರೊನಾ ವೈರಸ್ ಎಂದು ತಿಳಿದಾಗ ಎಲ್ಲರಿಗೂ ಆಶ್ಚರ್ಯ. ನೆಗಡಿಯ ಸಂತಾನದಿಂದ ಇಂಥ ಮಾರಿ ಹುಟ್ಟಬಹುದೆಂದು ಯಾರೂ ಎಣಿಸಿರಲಿಲ್ಲ.

ಎಲ್ಲಿಂದ ಬಂತು? ಮೊದಲ ಬೆರಳು ಹೋದದ್ದು ಪುನುಗಿನ ಬೆಕ್ಕಿನ ಕಡೆಗೆ. ಗುವಾಂಗ್‌ಡಾಂಗ್‌ನ ಜೀವಂತ ಪ್ರಾಣಿಗಳ ಸಂತೆಯಲ್ಲಿ ಮಾಂಸಕ್ಕಾಗಿ ಮಾರುತ್ತಿದ್ದ ಪುನುಗು ಬೆಕ್ಕುಗಳಲ್ಲಿ ಹೆಚ್ಚು ಕಡಿಮೆ ಅದೇ ವೈರಸ್ ಸಿಕ್ಕಿತು. 2004ರ ಜನವರಿಯಲ್ಲಿ ಸಾವಿರಾರು ಬೆಕ್ಕುಗಳನ್ನು ಕೊಂದರು. ಆದರೆ ಸಂತೆಗೆ ಬಾರದ, ಸಾಕಣೆ ಕೇಂದ್ರಗಳಲ್ಲೇ ಇದ್ದ ಪುನುಗು ಬೆಕ್ಕುಗಳನ್ನು ಪರೀಕ್ಷಿಸಿದರೆ ಅವುಗಳಲ್ಲಿ ಸೋಂಕು ಕಾಣಲಿಲ್ಲ. ಮೇಲಾಗಿ ಈ ವೈರಸ್ಸಿನಿಂದ ಬೆಕ್ಕಿಗೂ ಕಾಯಿಲೆಯಾಗುತ್ತಿತ್ತು. ಕಾಲಾಂತರದಿಂದ ವೈರಸ್ಸನ್ನು ಹೊತ್ತುಕೊಂಡು ಬಾಳಿದ ಪ್ರಾಣಿ ಹಾಗೆ ಕಾಯಿಲೆ ಬೀಳುವುದಿಲ್ಲ. ಅಂದರೆ ಬೆಕ್ಕು ನಡುವಿನ ತಂಗುದಾಣ ಮಾತ್ರ, ತವರು ಬೇರೆ ಎಲ್ಲೋ ಇತ್ತು.

ಬಾವಲಿಯ ಸುಳಿವು ಬಂದದ್ದು ಬೇರೆ ಎರಡು ವೈರಸ್ಸುಗಳ ಅನುಭವದಿಂದ. 1994ರಲ್ಲಿ ಆಸ್ಟ್ರೇಲಿಯಾದಲ್ಲಿ ಕುದುರೆಗಳನ್ನೂ ಮನುಷ್ಯರನ್ನೂ ಕೊಂದ ಹೆಂಡ್ರಾ ವೈರಸ್, ಅದರ ಬೆನ್ನಲ್ಲೇ ಮಲೇಷ್ಯಾದಲ್ಲಿ ಹಂದಿಗಳಿಂದ ಜನರಿಗೆ ಹಬ್ಬಿದ ನಿಪಾ, ಎರಡರ ತವರೂ ಹಣ್ಣು ತಿನ್ನುವ ದೊಡ್ಡ ಬಾವಲಿಗಳೆಂದು ತಿಳಿದಿತ್ತು. ಆ ಕೆಲಸದಲ್ಲಿದ್ದ ಲಿನ್‌ಫಾ ವಾಂಗ್, ಹ್ಯೂಮ್ ಫೀಲ್ಡ್ ಮುಂತಾದವರು ವುಹಾನ್‌ನ ಶಿ ಝೆಂಗ್ಲಿ ಅವರ ತಂಡದೊಂದಿಗೆ ಸೇರಿ 2004ರಲ್ಲಿ ಚೀನಾದ ಗುಹೆಗಳಿಗೆ ಇಳಿದರು.

ಈ ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೊತ್ತು ಮುಳುಗುವ ಮುಂಚೆ ಗುಹೆಯ ಬಾಯಿಗೆ ಕೂದಲಿನಷ್ಟು ಸಣ್ಣ ಎಳೆಯ ಬಲೆ ಕಟ್ಟುತ್ತಾರೆ. ಕತ್ತಲಾಗುತ್ತಿದ್ದಂತೆ ಬಾವಲಿಗಳು ಹೊರಬೀಳುತ್ತವೆ, ಕೆಲವು ಬಲೆಗೆ ಸಿಕ್ಕಿಕೊಳ್ಳುತ್ತವೆ. ದಪ್ಪ ಕೈಗವಸು ಹಾಕಿದವರೊಬ್ಬರು ರೆಕ್ಕೆ ಹರಿಯದಂತೆ ಬಿಡಿಸಿ, ಒಂದೊಂದನ್ನೇ ಬಟ್ಟೆಯ ಚೀಲಕ್ಕೆ ಹಾಕುತ್ತಾರೆ. ಆಮೇಲೆ ತೂಕ, ಮುಂದೋಳಿನ ಅಳತೆ. ತೆಳ್ಳನೆಯ ಕಡ್ಡಿಗೆ ಸುತ್ತಿದ ಹತ್ತಿಯನ್ನು ಗಂಟಲಿಗೊಮ್ಮೆ, ಗುದಕ್ಕೊಮ್ಮೆ ತಾಗಿಸಿ ದ್ರವ ತುಂಬಿದ ಕೊಳವೆಯಲ್ಲಿ ಮುಳುಗಿಸುತ್ತಾರೆ. ರೆಕ್ಕೆಯ ರಕ್ತನಾಳದಿಂದ ಒಂದೆರಡು ಹನಿ ರಕ್ತ ತೆಗೆಯುತ್ತಾರೆ. ಕೆಲಸ ಮುಗಿದ ಮೇಲೆ ಬಾವಲಿಯನ್ನು ಬಿಟ್ಟುಬಿಡುತ್ತಾರೆ. ಕೊಳವೆಗಳು ಮಂಜುಗಡ್ಡೆಯಷ್ಟಲ್ಲ, ಅದಕ್ಕಿಂತ ಎಷ್ಟೋ ಪಾಲು ತಣ್ಣನೆಯ ಪಾತ್ರೆಯಲ್ಲಿ ಲ್ಯಾಬಿಗೆ ಸಾಗುತ್ತವೆ. ಈ ವೈರಸ್ಸಿನ ಅನುವಂಶಿಕ ಎಳೆ ಡಿಎನ್‌ಎ ಅಲ್ಲ, ಆರ್‌ಎನ್‌ಎ. ಬಿಸಿ ತಾಗಿದರೆ ಚೂರುಚೂರಾಗುತ್ತದೆ.

ತಿಂಗಳುಗಟ್ಟಲೆ ಹುಡುಕಿದರೂ ಏನೂ ಸಿಗಲಿಲ್ಲ. ಹಣ್ಣು ತಿನ್ನುವ ಬಾವಲಿಗಳಲ್ಲಿ ಹುಡುಕಿ ಬರಿಗೈಯಾದರು. ಕೈಬಿಡುವ ಹಂತಕ್ಕೆ ಬಂದಾಗ ಶಿ ಅವರ ತಂಡಕ್ಕೆ ಸಾರ್ಸ್ ರೋಗಿಗಳ ರಕ್ತದಲ್ಲಿ ಪ್ರತಿಕಾಯ ಪತ್ತೆ ಮಾಡುವ ಕಿಟ್ ಒಂದು ಪಕ್ಕದ ಲ್ಯಾಬಿನಿಂದ ಸಿಕ್ಕಿತು. ಬಾವಲಿಯ ರಕ್ತಕ್ಕೆ ಅದು ಕೆಲಸ ಮಾಡೀತೆಂಬ ಖಾತರಿ ಇರಲಿಲ್ಲ. ಆದರೂ ಮಾಡಿ ನೋಡಿದರು. ಲಾಳಮೂಗಿನ ಬಾವಲಿಗಳ ಕೆಲವು ಮಾದರಿಗಳಲ್ಲಿ ಪ್ರತಿಕಾಯ ಕಂಡಿತು. ಮೂಗಿನ ಮೇಲೆ ಕುದುರೆ ಲಾಳದ ಆಕಾರದ ಚರ್ಮದ ಮಡಿಕೆ ಇರುವ, ಆ ಮೂಗಿನಿಂದಲೇ ಸದ್ದು ಹೊರಡಿಸಿ ಕತ್ತಲಲ್ಲಿ ಹುಳ ಹಿಡಿಯುವ ಸಣ್ಣ ಬಾವಲಿಗಳಿವು. ವೈರಸ್ ದೇಹದಲ್ಲಿ ಕೆಲವು ದಿನ ಇದ್ದು ಹೋಗುತ್ತದೆ, ಅದು ಬಂದುಹೋದ ಗುರುತು ರಕ್ತದಲ್ಲಿ ಬಹುಕಾಲ ಉಳಿಯುತ್ತದೆ. ಇಷ್ಟು ದಿನ ತಪ್ಪು ಜಾತಿಯಲ್ಲಿ, ತಪ್ಪು ಹೊತ್ತಿನಲ್ಲಿ ಹುಡುಕುತ್ತಿದ್ದೆವು ಎಂದು ಅವರಿಗೆ ಆಗ ಅರ್ಥವಾಯಿತು.

ಅದೇ ಹೊತ್ತಿಗೆ ಹಾಂಗ್‌ಕಾಂಗ್‌ನ ಇನ್ನೊಂದು ತಂಡವೂ ಅದೇ ಬಾವಲಿಯ ಬೆನ್ನು ಹತ್ತಿತ್ತು. 2005ರ ಸೆಪ್ಟೆಂಬರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಎರಡೂ ತಂಡಗಳು ಲಾಳಮೂಗಿನ ಬಾವಲಿಗಳಲ್ಲಿ ಸಾರ್ಸ್‌ನ ದಾಯಾದಿ ವೈರಸ್ ಇದೆಯೆಂದು ಪ್ರಕಟಿಸಿದವು. ಒಬ್ಬರನ್ನೊಬ್ಬರು ನೋಡಿ ಬರೆಯದ ಎರಡು ಉತ್ತರಗಳು ಒಂದೇ ಆದಾಗ ಅನುಮಾನಕ್ಕೆ ಜಾಗ ಕಡಿಮೆ.

ಆದರೂ ಒಂದು ತೊಡಕು ಉಳಿದಿತ್ತು. ವೈರಸ್ಸಿನ ಮೈಮೇಲಿನ ಮುಳ್ಳು ಕೀಲಿಯಂತೆ. ಅದು ನಮ್ಮ ಜೀವಕೋಶದ ಮೇಲಿರುವ ಎಸಿಇ2 ಎಂಬ ಬೀಗಕ್ಕೆ ಹೊಂದಿದರೆ ಮಾತ್ರ ಒಳಗೆ ಬರಬಲ್ಲದು. 2005ರಲ್ಲಿ ಸಿಕ್ಕ ಬಾವಲಿ ವೈರಸ್ಸುಗಳ ಕೀಲಿ ನಮ್ಮ ಬೀಗಕ್ಕೆ ಹೊಂದುತ್ತಿರಲಿಲ್ಲ. ಹಾಗಾದರೆ ಸಾರ್ಸ್ ಮನುಷ್ಯನ ಒಳಗೆ ಬಂದದ್ದು ಹೇಗೆ? ಉತ್ತರಕ್ಕಾಗಿ ಯುನಾನ್ ಪ್ರಾಂತದ ಒಂದೇ ಗುಹೆಗೆ ಐದು ವರ್ಷ ಮತ್ತೆ ಮತ್ತೆ ಹೋದರು. 2013ರಲ್ಲಿ ಮನುಷ್ಯನ ಎಸಿಇ2 ಮೂಲಕ ನೇರವಾಗಿ ಒಳನುಗ್ಗಬಲ್ಲ ವೈರಸ್ ಸಿಕ್ಕಿತು. 2017ರ ಹೊತ್ತಿಗೆ ಅದೇ ಗುಹೆಯಲ್ಲಿ ಇನ್ನೂ ಹನ್ನೊಂದು ತಳಿಗಳು ಸಿಕ್ಕವು. ಸಾರ್ಸ್ ವೈರಸ್ಸಿನ ಒಂದೊಂದು ಭಾಗವೂ ಅವುಗಳಲ್ಲಿ ಒಂದಲ್ಲ ಒಂದರಲ್ಲಿ ಇತ್ತು. ಒಂದೇ ಬಾವಲಿಗೆ ಎರಡು ತಳಿ ತಗುಲಿದಾಗ ಅವು ತಮ್ಮ ಎಳೆಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಸಾರ್ಸ್ ಹುಟ್ಟಿದ್ದೂ ಹಾಗೆಯೇ ಇರಬೇಕು. ರೋಗ ಬಂದದ್ದು 2002ರಲ್ಲಿ, ಅದರ ವಂಶಾವಳಿ ಇಷ್ಟು ಸ್ಪಷ್ಟವಾದದ್ದು ಹದಿನೈದು ವರ್ಷದ ಮೇಲೆ. ಕೋವಿಡ್ ಬಂದ ಎರಡೇ ತಿಂಗಳಿಗೆ ಎಲ್ಲ ತಿಳಿದವರಂತೆ ಮಾತಾಡಿದ ನಮಗೆ ಈ ಹದಿನೈದು ವರ್ಷದ ಲೆಕ್ಕ ನೆನಪಿರಬೇಕಿತ್ತು.

ಆ ಗುಹೆಯ ಸುತ್ತಲಿನ ಹಳ್ಳಿಗಳಲ್ಲಿ 2015ರಲ್ಲಿ 218 ಜನರ ರಕ್ತ ಪರೀಕ್ಷಿಸಿದಾಗ ಆರು ಜನರಲ್ಲಿ ಬಾವಲಿಯ ಈ ವೈರಸ್ಸಿಗೆ ಪ್ರತಿಕಾಯ ಕಂಡಿತು. ಊರ ಮೇಲೆ ಬಾವಲಿ ಹಾರುವುದನ್ನು ಕಂಡವರು, ಯಾವ ದೊಡ್ಡ ಕಾಯಿಲೆಯೂ ನೆನಪಿಲ್ಲದವರು. ಈ ಸಣ್ಣ ಸಂಖ್ಯೆಗೆ ನಾನು ಬಹಳ ಬೆಲೆ ಕೊಡುತ್ತೇನೆ. ಬಾವಲಿಯ ವೈರಸ್ ಮನುಷ್ಯನಿಗೆ ತಾಗುವುದು ಸಾಧ್ಯ, ತಾಗಿದರೂ ಅದು ಅಲ್ಲಿಗೇ ಆರಿಹೋಗುವುದೂ ಸಾಧ್ಯ ಎಂಬ ಎರಡೂ ಮಾತು ಅದರಲ್ಲಿವೆ. ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ಕಸುವು ಬಂದಾಗ ಮಾತ್ರ ಮಾರಿಯಾಗುತ್ತದೆ. ಆ ಕಸುವು ಬರುವುದು ಬಹಳ ಸಲ ನಡುವಿನ ಪ್ರಾಣಿಯಲ್ಲಿ, ಪ್ರಾಣಿಗಳನ್ನು ಒತ್ತೊತ್ತಾಗಿ ಪಂಜರದಲ್ಲಿ ತುಂಬುವ ಜಾಗಗಳಲ್ಲಿ.

ಮನುಷ್ಯರಿಗೆ ತಗುಲುವ ಕೊರೊನಾ ವೈರಸ್ಸುಗಳು ಏಳು ಎಂದು ಲೆಕ್ಕ ಇಟ್ಟಿದ್ದಾರೆ. ನಾಲ್ಕು ನೆಗಡಿಯವು, ಉಳಿದ ಮೂರು ಸಾರ್ಸ್, ಮರ್ಸ್, ಕೋವಿಡ್. ಇವುಗಳಲ್ಲಿ ಐದರ ಬೇರು ಬಾವಲಿಯ ವೈರಸ್ಸುಗಳ ಕಡೆಗೆ ಹೋಗುತ್ತದೆ. ಮರ್ಸ್ 2012ರಲ್ಲಿ ಸೌದಿ ಅರೇಬಿಯಾದಲ್ಲಿ ಕಂಡಿತು. ಜೆಡ್ಡಾದ ಆಸ್ಪತ್ರೆಯಲ್ಲಿದ್ದ ಈಜಿಪ್ಟಿನ ವೈದ್ಯ ಅಲಿ ಮೊಹಮ್ಮದ್ ಝಾಕಿ ಒಬ್ಬ ರೋಗಿಯ ಮಾದರಿಯಲ್ಲಿ ಅದನ್ನು ಮೊದಲು ಗುರುತಿಸಿದರು. ಅದರ ದಾಯಾದಿಗಳು ಬಾವಲಿಯಲ್ಲಿವೆ, ಜನರಿಗೆ ಬಂದದ್ದು ಒಂಟೆಯಿಂದ. ನೆಗಡಿ ತರುವ ಓಸಿ43 ಎಂಬುದರ ಹತ್ತಿರದ ನೆಂಟ ದನಗಳಲ್ಲಿದೆ. ಬೆಲ್ಜಿಯಂನ ಸಂಶೋಧಕರ ಲೆಕ್ಕದಲ್ಲಿ ಅದು ದನದಿಂದ ಮನುಷ್ಯನಿಗೆ ದಾಟಿದ್ದು 1890ರ ಸುಮಾರಿಗೆ. ದನ ಕಟ್ಟದ ಮನೆಯಿಲ್ಲದ ನಮ್ಮ ಊರುಗಳಲ್ಲಿ ಈ ಕಾರಣಕ್ಕೆ ಯಾರೂ ದನವನ್ನು ಶಪಿಸಿದ್ದಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ಬಾವಲಿಯಲ್ಲಿ ವೈರಸ್ ಹುಡುಕುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ, ಚೀನಾದ ಗುಹೆಗಳಿಗಿಂತ ಎಷ್ಟೋ ಮುಂಚೆ ಇಲ್ಲಿ ನಡೆದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸೌದೆಗೆ ಹೋದ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಅದರ ವೈರಸ್ಸನ್ನು ಹಿಡಿದರು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಉಣ್ಣೆಯಿಂದ ಹರಡುವ ಈ ಮಂಗನ ಕಾಯಿಲೆಯ ಬೆನ್ನು ಹತ್ತಿ ಅವರು ಸಾಗರದಲ್ಲಿ ಠಾಣೆ ಹಾಕಿ, ಇಲಿ, ಹಕ್ಕಿ, ಮಂಗ ಎಂದು ಕಾಡಿನ ಒಂದೊಂದೇ ಪ್ರಾಣಿಯನ್ನು ಪರೀಕ್ಷಿಸುತ್ತ ಹೋದರು. 1969ರಲ್ಲಿ ಪಿ. ಕೆ. ರಾಜಗೋಪಾಲನ್ ಮತ್ತು ಸಂಗಡಿಗರು ಒಂದು ವಿಷಯ ಪ್ರಕಟಿಸಿದರು. ಹುಳ ತಿನ್ನುವ ಬಾವಲಿಯೊಂದರಿಂದಲೂ ಉಣ್ಣೆಗಳಿಂದಲೂ ಅವರು ಕ್ಯಾಸನೂರು ವೈರಸ್ಸನ್ನು ಬೇರ್ಪಡಿಸಿದ್ದರು. ಆ ಬಾವಲಿ ರೈನೊಲೋಫಸ್ ರೌಕ್ಸಿ, ಅಂದರೆ ಪಶ್ಚಿಮ ಘಟ್ಟದ ಲಾಳಮೂಗಿನ ಬಾವಲಿ!

ಮಂಗನ ಕಾಯಿಲೆಯ ವೈರಸ್ ಕೊರೊನಾ ಅಲ್ಲ, ಬೇರೆಯೇ ಕುಟುಂಬದ್ದು. ಅದರ ಹರಡುವಿಕೆಯಲ್ಲಿ ಬಾವಲಿಯ ಪಾತ್ರ ದೊಡ್ಡದೂ ಅಲ್ಲ, ಮುಖ್ಯ ಪಾತ್ರಧಾರಿ ಉಣ್ಣೆ. ಆದರೆ ಸಾರ್ಸ್‌ಗಿಂತ ಮೂರು ದಶಕ ಮುಂಚೆ, ಮಲೆನಾಡಿನ ಬಾವಲಿಯಲ್ಲಿ ವೈರಸ್ ಹುಡುಕಬೇಕೆಂದು ಹೊಳೆದು, ಹುಡುಕಿ, ಸಿಕ್ಕದ್ದನ್ನು ದಾಖಲಿಸಿದವರು ನಮ್ಮಲ್ಲಿದ್ದರು. ಈ ಸಂಗತಿ ನಮ್ಮ ಪಠ್ಯಪುಸ್ತಕದಲ್ಲಿ ಇರಬೇಕಾದದ್ದು. ಬೆಳಗಾವಿಯವರಿಗೂ ಇದು ದೂರದ ಸುದ್ದಿಯಲ್ಲ. ಗೋವಾದ ಗೇರು ತೋಟಗಳಿಗೆ ದುಡಿಯಲು ಹೋದ ಈ ಜಿಲ್ಲೆಯ ಕೂಲಿಕಾರರು ಮಂಗನ ಕಾಯಿಲೆ ಹೊತ್ತು ಮರಳಿದ್ದುಂಟು.

ಅದೇ ಪುಣೆಯ ಸಂಸ್ಥೆಯಲ್ಲಿ ದುಡಿದ ಎಚ್. ಆರ್. ಭಟ್ ಬಾವಲಿಗಳನ್ನೂ ಅಭ್ಯಾಸ ಮಾಡಿದವರು. ಕೋಲಾರದ ಹನುಮನಹಳ್ಳಿಯ ಗುಹೆಗಳಲ್ಲಿದ್ದ ಎಲೆಮೂಗಿನ ಬಾವಲಿಯೊಂದು ಜಗತ್ತಿಗೇ ಹೊಸ ಜಾತಿಯೆಂದು ಅವರು ಜರ್ಮನಿಯ ಡೀಟರ್ ಕಾಕ್ ಜೊತೆ ಸೇರಿ 1994ರಲ್ಲಿ ಪ್ರಕಟಿಸಿದರು. ಇಂದು ಆ ಬಾವಲಿ ಉಳಿದಿರುವುದು ಆ ಊರಿನ ಒಂದೇ ಗುಹೆಯಲ್ಲಿ. ಸುತ್ತ ಕಲ್ಲು ಗಣಿಗಾರಿಕೆ ನಡೆದು ಅದು ಅಳಿವಿನ ಅಂಚಿಗೆ ಬಂದಿದೆ. ವೈರಸ್ ತಜ್ಞರ ಸಂಸ್ಥೆಯಿಂದ ಬಂದವರೊಬ್ಬರು ಬಾವಲಿಯನ್ನು ಬರೀ ರೋಗದ ಚೀಲವೆಂದು ನೋಡದೆ, ಜೀವವೆಂದು ನೋಡಿ ಅದಕ್ಕೆ ಹೆಸರು ಕೊಟ್ಟರು.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಇದಕ್ಕಿಂತ ಹಳೆಯ ಆವಿಷ್ಕಾರವಿದೆ. ತಳೇವಾಡಿ ಬಳಿಯ ಬಾರಾಪೇಡೆ ಗುಹೆಯಲ್ಲಿ ಸಿಕ್ಕ ದೊಡ್ಡ ಕಿವಿಯ ಬಾವಲಿಯನ್ನು ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೊಸ ಜಾತಿಯೆಂದು ವರ್ಣಿಸಿದರು. ರಾಟನ್ ಬಾವಲಿ ಎಂದು ಹೆಸರಾದ ಅದು ಎಂಟು ದಶಕಕ್ಕೂ ಹೆಚ್ಚು ಕಾಲ ಜಗತ್ತಿನಲ್ಲಿ ಬೇರೆಲ್ಲೂ ಕಂಡಿರಲಿಲ್ಲ, ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಈ ಗುಹೆ ಇಂದು ಭೀಮಗಡ ವನ್ಯಧಾಮದ ಒಳಗಿದೆ. ನಮ್ಮ ದೇಶದ ವನ್ಯಜೀವಿ ಕಾಯಿದೆ ಬಹುಕಾಲ ಎರಡೇ ಜಾತಿಯ ಬಾವಲಿಗೆ ಹುಲಿಗೆ ಸಮನಾದ ರಕ್ಷಣೆ ಕೊಟ್ಟಿತ್ತು. ಅದರಲ್ಲಿ ಒಂದು ಬೆಳಗಾವಿ ಜಿಲ್ಲೆಯ ಈ ಬಾವಲಿ. ಹಣ್ಣು ತಿನ್ನುವ ಬಹುತೇಕ ಬಾವಲಿಗಳು ಅದೇ ಕಾಯಿದೆಯಲ್ಲಿ ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಾದ ಮೇಲೆ ಆ ಪಟ್ಟಿಯೇ ಹೋಯಿತು.

ಭಾರತದ ಬಾವಲಿಗಳಲ್ಲಿ ಕೊರೊನಾ ಇದೆಯೇ? ಕೋವಿಡ್ ಬರುವ ಮುಂಚೆಯೇ, 2018ರಲ್ಲಿ ಕೇರಳದ ಕೋಯಿಕ್ಕೋಡ್ ಸೀಮೆಯಲ್ಲಿ ನಿಪಾ ಬಂದಾಗ, ಪುಣೆಯ ಸಂಸ್ಥೆಯವರು ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಆ ವೈರಸ್ಸನ್ನು ಪತ್ತೆ ಮಾಡಿದ್ದರು. 2018-19ರ ಅವಧಿಯಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಿಂದ ತಂದ ಬಾವಲಿ ಮಾದರಿಗಳನ್ನು ಅದೇ ಸಂಸ್ಥೆಯ ಪ್ರಜ್ಞಾ ಯಾದವ್ ಮತ್ತು ಸಂಗಡಿಗರು ಕೊರೊನಾ ವೈರಸ್ಸಿಗಾಗಿ ಪರೀಕ್ಷಿಸಿದರು. ಎಲ್ಲ ಕೊರೊನಾ ವೈರಸ್ಸುಗಳಲ್ಲೂ ಹೆಚ್ಚು ಕಡಿಮೆ ಒಂದೇ ತೆರನಾಗಿರುವ ಜೀನ್ ಭಾಗವೊಂದನ್ನು ಪಿಸಿಆರ್ ಯಂತ್ರದಲ್ಲಿ ಹುಡುಕುವ ಪರೀಕ್ಷೆ ಅದು. ಫಲಿತಾಂಶ ಪ್ರಕಟವಾದದ್ದು 2020ರ ಏಪ್ರಿಲಿನಲ್ಲಿ, ಇಡೀ ದೇಶ ಬಾಗಿಲು ಹಾಕಿಕೊಂಡಿದ್ದಾಗ. 25 ಬಾವಲಿಗಳಲ್ಲಿ ಕೊರೊನಾ ವೈರಸ್ ಸಿಕ್ಕಿತ್ತು. ನಾಲ್ಕು ಗುಹೆವಾಸಿ ರೌಸೆಟಸ್ ಬಾವಲಿಗಳು, ಕೇರಳದವು. ಉಳಿದ 21 ದೊಡ್ಡ ತೊಗಲಬಾವಲಿಗಳು, ಕೇರಳ, ತಮಿಳುನಾಡು, ಪುದುಚೇರಿ, ಹಿಮಾಚಲ ಪ್ರದೇಶಗಳವು. ಕರ್ನಾಟಕದ ಮಾದರಿಗಳಲ್ಲಿ ಸಿಗಲಿಲ್ಲ. ಸಿಕ್ಕ ವೈರಸ್ಸುಗಳೂ ಕೋವಿಡ್ ತರುವ ವೈರಸ್ ಅಲ್ಲ, ಅವು ಮನುಷ್ಯರಿಗೆ ಕಾಯಿಲೆ ತರುತ್ತವೆ ಎನ್ನುವುದಕ್ಕೆ ಆಧಾರವಿಲ್ಲವೆಂದು ಸಂಶೋಧಕರು ಬಿಡಿಸಿ ಹೇಳಿದರು. ಆದರೆ ಸುದ್ದಿ ಹರಡಿದ್ದು ಅರ್ಧ ಮಾತ್ರ. ಭಾರತದ ಬಾವಲಿಗಳಲ್ಲಿ ಕೊರೊನಾ ಎಂಬ ತಲೆಬರಹ ಎಲ್ಲರಿಗೂ ತಲುಪಿತು, ಅದರ ಕೆಳಗಿನ ವಿವರ ಯಾರಿಗೂ ಬೇಡವಾಯಿತು. ಅದೇ ತಿಂಗಳು ದಕ್ಷಿಣ ಏಷ್ಯಾದ 64 ಬಾವಲಿ ತಜ್ಞರು ಒಟ್ಟಾಗಿ ಹೇಳಿಕೆ ಕೊಟ್ಟು, ಬಾವಲಿಗಳನ್ನು ಕೊಲ್ಲಬೇಡಿ, ಅವು ನಮಗೆ ಕೋವಿಡ್ ಹರಡುತ್ತಿಲ್ಲ ಎಂದು ಕೇಳಿಕೊಳ್ಳಬೇಕಾಯಿತು.

ಈ ಅಧ್ಯಯನದ ಬಗ್ಗೆ ನನಗೆ ಗೌರವವಿದೆ. ಜೊತೆಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ಪರೀಕ್ಷೆಗೆ ಒಳಗಾದವು ಹಣ್ಣು ತಿನ್ನುವ ಬಾವಲಿಗಳು. ಸಾರ್ಸ್ ಕುಟುಂಬದ ವೈರಸ್ಸುಗಳ ತವರು ಲಾಳಮೂಗಿನ ಬಾವಲಿ. ಚೀನಾದ ತಂಡ 2004ರಲ್ಲಿ ತಿಂಗಳುಗಟ್ಟಲೆ ಬರಿಗೈಯಾದದ್ದು ಈ ಕಾರಣಕ್ಕೇ. ಆದ್ದರಿಂದ ಕರ್ನಾಟಕದಲ್ಲಿ ಸಿಗಲಿಲ್ಲ ಎಂಬುದನ್ನು ಕರ್ನಾಟಕದಲ್ಲಿ ಇಲ್ಲ ಎಂದು ಓದಿಕೊಳ್ಳುವುದು ತಪ್ಪು, ಇದೆ ಎಂದು ಹೆದರುವುದು ಅದಕ್ಕಿಂತ ದೊಡ್ಡ ತಪ್ಪು. ರಾಜಗೋಪಾಲನ್ ತಂಡ ಹಿಡಿದು ನೋಡಿದ ಅದೇ ಲಾಳಮೂಗಿನ ಬಾವಲಿ ಇಂದಿಗೂ ಘಟ್ಟದ ಗುಹೆಗಳಲ್ಲಿದೆ. ಅದನ್ನು ಋತು ಋತುವಿಗೂ, ವರ್ಷ ವರ್ಷವೂ, ಒಂದೇ ಗುಹೆಗೆ ಮರಳಿ ಹೋಗಿ ಪರೀಕ್ಷಿಸುವ ಕೆಲಸ ಆಗಬೇಕು.

ಕೋವಿಡ್ ವೈರಸ್ಸಿನ ಹತ್ತಿರದ ನೆಂಟರು ಸಿಕ್ಕಿರುವುದೂ ಲಾಳಮೂಗಿನ ಬಾವಲಿಗಳಲ್ಲೇ. ಯುನಾನ್‌ನ ಮೋಜಿಯಾಂಗ್‌ನಲ್ಲಿ 2013ರಲ್ಲಿ ತೆಗೆದಿಟ್ಟಿದ್ದ ಮಾದರಿಯೊಂದು ಶೇ. 96.2ರಷ್ಟು ಹೋಲುತ್ತದೆ. ಲಾವೋಸ್‌ನ ಸುಣ್ಣಕಲ್ಲಿನ ಗುಹೆಗಳಲ್ಲಿ ಪಾಸ್ಚರ್ ಸಂಸ್ಥೆಯವರಿಗೆ ಸಿಕ್ಕದ್ದು ಶೇ. 96.8ರಷ್ಟು. ಕೇಳಲು ಬಹಳ ಹತ್ತಿರ ಅನ್ನಿಸುತ್ತದೆ. ಆದರೆ ಸುಮಾರು 30,000 ಅಕ್ಷರಗಳ ಜೀನೋಮಿನಲ್ಲಿ ಶೇ. 3 ಎಂದರೂ ಸುಮಾರು ಸಾವಿರ ವ್ಯತ್ಯಾಸ, ಹಲವು ದಶಕಗಳ ಅಗಲಿಕೆ. ಆ ದಶಕಗಳಲ್ಲಿ ಯಾವ ದಾರಿಯಲ್ಲಿ ಅದು ವುಹಾನ್ ತಲುಪಿತು, ಸಂತೆಯ ಪ್ರಾಣಿಯಿಂದಲೋ ಬೇರೆ ಬಗೆಯಲ್ಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಕಲಬುರಗಿಯಲ್ಲಿ 2020ರ ಮಾರ್ಚ್ 10ರಂದು ಕೋವಿಡ್‌ನಿಂದ ದೇಶದ ಮೊದಲ ಸಾವು ಸಂಭವಿಸಿದಾಗ, ಆ ವೈರಸ್ ಬಂದದ್ದು ವಿದೇಶದಿಂದ ಮರಳಿದ ಮನುಷ್ಯರ ಉಸಿರಿನಲ್ಲಿ. ಆಮೇಲೆ ಹರಡಿದ್ದೂ ನಮ್ಮ ಉಸಿರಿನಲ್ಲೇ. ನಾವೇ ಅದನ್ನು ಪ್ರಾಣಿಗಳಿಗೂ ದಾಟಿಸಿದೆವು. 2021ರಲ್ಲಿ ಹೈದರಾಬಾದ್ ಮೃಗಾಲಯದ ಎಂಟು ಸಿಂಹಗಳಿಗೆ ಸೋಂಕು ತಗುಲಿತ್ತು.

ಇಷ್ಟೆಲ್ಲ ವೈರಸ್ ಹೊತ್ತೂ ಬಾವಲಿ ಏಕೆ ಸಾಯುವುದಿಲ್ಲ? ಹಾರಾಟಕ್ಕೆ ದೇಹ ಬಹಳ ಶಕ್ತಿ ಸುಡುತ್ತದೆ, ಒಳಗಿನ ಕೋಶಗಳಿಗೆ ಪೆಟ್ಟಾಗುತ್ತದೆ. ಆ ಪೆಟ್ಟಿಗೆಲ್ಲ ದೇಹ ಉರಿಯೂತದಿಂದ ಉತ್ತರ ಕೊಟ್ಟರೆ ಬಾವಲಿ ಬದುಕುವಂತಿಲ್ಲ. ಹಾಗಾಗಿ ಅದರ ರೋಗನಿರೋಧಕ ವ್ಯವಸ್ಥೆ ವೈರಸ್ಸನ್ನು ಹತೋಟಿಯಲ್ಲಿಡುತ್ತದೆ, ಅತಿರೇಕಕ್ಕೆ ಹೋಗುವುದಿಲ್ಲ ಎಂದು ಲಿನ್‌ಫಾ ವಾಂಗ್ ಮತ್ತಿತರರ ಕೆಲಸ ತೋರಿಸಿದೆ. ಕೋವಿಡ್‌ನಲ್ಲಿ ಎಷ್ಟೋ ಜನರನ್ನು ಕೊಂದದ್ದು ವೈರಸ್ಸಿಗಿಂತ ಹೆಚ್ಚಾಗಿ ಅಂಕೆ ತಪ್ಪಿದ ಉರಿಯೂತವೇ. ಮುಂದಿನ ಔಷಧಿಯ ದಾರಿ ಬಾವಲಿಯ ದೇಹದಲ್ಲೇ ಇರಬಹುದು ಎನ್ನುವುದು ಅತಿಶಯದ ಮಾತಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಓದುಗರಲ್ಲಿ ನನ್ನ ಕೋರಿಕೆ ಸರಳವಾದದ್ದು. ಬಾವಲಿ ಜೋತುಬಿದ್ದ ಮರ ಕಡಿಯಬೇಡಿ, ಗುಹೆಗೆ, ಪಾಳುಗುಡಿಗೆ ಹೊಗೆ ಹಾಕಬೇಡಿ. ಓಡಿಸಿದ ಬಾವಲಿ ಮಾಯವಾಗುವುದಿಲ್ಲ, ಮನೆಗಳಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಅವು ಕಚ್ಚಿ ಬೀಳಿಸಿದ ಹಣ್ಣು ತಿನ್ನಬೇಡಿ, ಮಕ್ಕಳಿಗೂ ಹೇಳಿ. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಒಂದೇ ಕಡೆ ಹಲವು ಸತ್ತು ಬಿದ್ದಿದ್ದರೆ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ತಿಳಿಸಿ. ಇನ್ನು ಬೆಳಗಾವಿ, ಧಾರವಾಡದ ವಿಶ್ವವಿದ್ಯಾಲಯಗಳಲ್ಲೂ ಸಂಶೋಧನಾ ಸಂಸ್ಥೆಗಳಲ್ಲೂ ಇರುವ ವಿಜ್ಞಾನಿಗಳಲ್ಲಿ ಒಂದು ಮಾತು: ಮಲೆನಾಡಿನಲ್ಲಿ ಅಂದು ಶುರುವಾದ ಹುಡುಕಾಟವನ್ನು ಖಾನಾಪುರದ ಗುಹೆಗಳಿಂದ ಘಟಪ್ರಭೆಯ ದಂಡೆಯವರೆಗೆ ಮುಂದುವರಿಸಿ. ಮುಂದಿನ ವೈರಸ್ಸಿನ ಸುದ್ದಿ ನಮಗೆ ತಲುಪಬೇಕಾದದ್ದು ನಿಮ್ಮ ವರದಿಯಿಂದ, ವಾಟ್ಸ್ಆ್ಯಪ್ಪಿನಿಂದಲ್ಲ.